ಬೆಳಕಿನಿಂದಲೋ, ಬಿಸಿಯಿಂದಲೋ?

ಕೇಳುಗರಿಗೆ ನಮಸ್ಕಾರ. ಸೂಪರ್ ಕೆಪಾಸಿಟರ್ ಎಂದರೆ ದ್ರಾವಣದಲ್ಲಿರುವ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಕಣಗಳನ್ನು, ಇದ್ದಿಲಿನ ರಂಧ್ರಗಳಲ್ಲಿ ಹಿಡಿದು ವಿದ್ಯುತ್ತು ಕೂಡಿಡುವ ಸಾಧನ. ಅದರ ಇದ್ದಿಲಿನ ಮೇಲೆ ಬೆಳಕು ಬಿದ್ದರೆ ಅದು ಹಿಡಿದಿಡುವ ವಿದ್ಯುತ್ತು ಹೆಚ್ಚುತ್ತದೆ ಎನ್ನುತ್ತಾರೆ. ಹೆಚ್ಚುವುದುಂಟು. ಆದರೆ ಅದು ಬೆಳಕಿನ ಕೆಲಸವೋ, ಬೆಳಕು ತಂದ ಬಿಸಿಯ ಕೆಲಸವೋ ಎಂದು ಬೇರ್ಪಡಿಸದ ಅಂಕಿಯನ್ನು ನಂಬಬೇಕಿಲ್ಲ.

ಮೊದಲು ಇದ್ದಿಲು ತಯಾರಾಗಬೇಕಲ್ಲ. ಸಸ್ಯಜನ್ಯ ವಸ್ತುವನ್ನು ಗಾಳಿಯಿಲ್ಲದೆ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಿಕಾಗಿಸಿ, ಪುಡಿಮಾಡಿ, ತೂಕದಲ್ಲಿ ಮೂರು ಪಾಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಸಾರಜನಕದ ಹರಿವಿನಲ್ಲಿ 800 ಡಿಗ್ರಿಗೆ ಒಂದು ಗಂಟೆ ಕಾಯಿಸುತ್ತಾರೆ. ಈ ಕ್ಷಾರ ಇಂಗಾಲವನ್ನು ಕೊರೆಯುತ್ತದೆ; ಗ್ರಾಮಿಗೆ 2000 ಚದರ ಮೀಟರ್ ದಾಟುವ ಮೇಲ್ಮೈ ಸಿಗುವುದು ಹೀಗೆ. ಮೂಸೆ ನಿಕ್ಕಲ್‌ನದಿರಲಿ, ಅಲ್ಯುಮಿನಾ ಮತ್ತು ಕ್ವಾರ್ಟ್ಜ್ ಎರಡನ್ನೂ ಈ ಕ್ಷಾರ ತಿನ್ನುತ್ತದೆ. ಇನ್ನೊಂದು ಅಪಾಯವೂ ಇದೆ: ಕ್ಷಾರದಿಂದ ಹೊಮ್ಮಿದ ಪೊಟ್ಯಾಸಿಯಂ ಲೋಹ ಆವಿಯಾಗಿ ಕುಲುಮೆ ಕೊಳವೆಯ ತಣ್ಣನೆಯ ತುದಿಯಲ್ಲಿ ಕೂತಿರಬಹುದು, ನೀರು ಸೋಕಿದರೆ ಹೊತ್ತಿಕೊಳ್ಳುತ್ತದೆ. ಸಾರಜನಕ ನಿಲ್ಲಿಸದೆ ಪೂರ್ತಿ ತಣಿಸಿದ ಮೇಲೇ ಕೊಳವೆ ತೆರೆಯಬೇಕು. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಿಂದ, ಬಳಿಕ ನೀರಿನಿಂದ, ಪಿಎಚ್ 7 ಬರುವವರೆಗೆ ತೊಳೆಯಬೇಕು. ಇಲ್ಲಿ ಸೋಮಾರಿಯಾದರೆ ಉಪ್ಪು ರಂಧ್ರದಲ್ಲೇ ಉಳಿದು ಅಯಾನುಗಳ ದಾರಿ ಮುಚ್ಚುತ್ತದೆ.

ಬರಿಯ ಇದ್ದಿಲು ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಅಷ್ಟೇ. ಬಿಸಿಗೆ ದ್ರಾವಣ ತೆಳುವಾಗಿ ಅಯಾನುಗಳು ಚುರುಕಾಗುತ್ತವೆ. ಬೆಳಕಿನಿಂದಲೇ ಎಲೆಕ್ಟ್ರಾನ್ ಏಳಬೇಕಾದರೆ ಅರೆವಾಹಕ ಸೇರಿಸಬೇಕು. ಟೈಟಾನಿಯಂ ಡೈಆಕ್ಸೈಡ್‌ಗೆ ಸುಮಾರು 388 ನ್ಯಾನೋಮೀಟರ್‌ಗಿಂತ ಚಿಕ್ಕ ತರಂಗ, ಅಂದರೆ ನೇರಳಾತೀತ ಬೆಳಕೇ ಬೇಕು. ಗ್ರಾಫಿಟಿಕ್ ಕಾರ್ಬನ್ ನೈಟ್ರೈಡ್ ಆದರೆ 460ರ ಆಸುಪಾಸಿನ ನೀಲಿ ಬೆಳಕಿಗೂ ಸ್ಪಂದಿಸುತ್ತದೆ.

ಕಪ್ಪು ಪದರದೊಳಗೆ ಬೆಳಕು ಹೆಚ್ಚು ಆಳ ಇಳಿಯುವುದಿಲ್ಲ. ದಪ್ಪವಾಗಿ ಬಳಿದರೆ ಹಿಂಭಾಗವೆಲ್ಲ ಕತ್ತಲೆ. ಪಾರದರ್ಶಕ ವಾಹಕ ಗಾಜಿನ ಮೇಲೆ ತೆಳ್ಳಗೆ ಬಳಿದರೆ ವಸ್ತುವಿನ ತೂಕವೇ ಮೈಕ್ರೋಗ್ರಾಮಿಗೆ ಇಳಿಯುತ್ತದೆ. ತೂಗುವಾಗಿನ ಚಿಕ್ಕ ತಪ್ಪೂ ಗ್ರಾಮಿನ ಲೆಕ್ಕದಲ್ಲಿ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಚದರ ಸೆಂಟಿಮೀಟರಿನ ಲೆಕ್ಕವೇ ವಾಸಿ.

ಪರೀಕ್ಷೆ ಹೀಗೆ: ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್ ಬೆಳಕು ಬಿಟ್ಟು, ಇದ್ದಿಲು ಬಳಿದ ಎಲೆಕ್ಟ್ರೋಡಿನ ಬೆನ್ನಿಗೆ ಥರ್ಮೋಕಪಲ್ ಎಂಬ ತಾಪ ಅಳೆಯುವ ತಂತಿ ಅಂಟಿಸಿ ತಾಪ ಬರೆದುಕೊಳ್ಳಿ. ಆಮೇಲೆ ದೀಪ ಆರಿಸಿ, ಕೋಶವನ್ನು ಅದೇ ತಾಪಕ್ಕೆ ಕಾಯಿಸಿ, ಕತ್ತಲಲ್ಲಿ ಅದೇ ಅಳತೆ ಮಾಡಿ. ಉಳಿದ ವ್ಯತ್ಯಾಸ ಮಾತ್ರ ಬೆಳಕಿನ ಪಾಲು. ದೀಪ ಹಚ್ಚಿದ ಕ್ಷಣದಲ್ಲೇ ವಿದ್ಯುತ್ ಪ್ರವಾಹ ಜಿಗಿದರೆ ಎಲೆಕ್ಟ್ರಾನ್ ಎದ್ದಿರುವ ಸೂಚನೆ. ನಿಮಿಷಗಳಲ್ಲಿ ನಿಧಾನಕ್ಕೆ ಏರಿದರೆ ಬಿಸಿಯ ಮೇಲೇ ಅನುಮಾನ. ನೀರಿನ ದ್ರಾವಣವಾದರೆ 1 ವೋಲ್ಟ್ ಸುತ್ತಮುತ್ತಲೇ ನಿಲ್ಲಿಸಿ. ಮೇಲೆ ಹೋದಂತೆ ನೀರು ಒಡೆಯಲು ಖರ್ಚಾದ ವಿದ್ಯುತ್ತೂ ಸಂಗ್ರಹದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ತುಂಬಿದ್ದನ್ನಲ್ಲ, ಮರಳಿ ಬಂದದ್ದನ್ನೇ ಎಣಿಸಬೇಕು.