ಗಾಳಿಗೆ ನಡೆಯುವ ಪ್ರಾಣಿಗಳು: ಹಾಯಿ ಬಿಡಿ, ಕಾಲು ನೋಡಿ

[ದೃಶ್ಯ: ಖಾಲಿ ಕಡಲತೀರ. ತಿಳಿಹಳದಿ ಪೈಪುಗಳ ದೊಡ್ಡ ಆಕೃತಿಯೊಂದು ಮರಳಿನ ಮೇಲೆ ನಡೆದು ಬರುತ್ತಿದೆ. ಸಂಗೀತ ಇಲ್ಲ, ಗಾಳಿಯ ಸದ್ದು ಮಾತ್ರ.]

ಮೋಟಾರ್ ಇಲ್ಲ. ಬ್ಯಾಟರಿ ಇಲ್ಲ. ಒಳಗೆ ಯಾರೂ ಕೂತಿಲ್ಲ. ಗಾಳಿ ಬೀಸಿತು, ಇದು ನಡೆಯಿತು, ಅಷ್ಟೇ.

ಇದನ್ನು ನೋಡುವವರ ಕಣ್ಣು ಮೊದಲು ಹೋಗುವುದು ಮೇಲಿನ ಹಾಯಿಗಳ ಕಡೆಗೆ. ಪಟಪಟ ಹೊಡೆದುಕೊಳ್ಳುವ ಬಟ್ಟೆ, ಅದರ ಹಿಂದೆ ಆಕಾಶ, ಚೆನ್ನಾಗಿಯೇ ಇದೆ. ಆದರೆ ಒಂದು ನಿಮಿಷ ಅದನ್ನು ಬಿಡಿ. ಅದರ ಬೆನ್ನು ನೋಡಿ. ಮೇಲೆ ಕೆಳಗೆ ಕುಲುಕುತ್ತಿಲ್ಲ ಅಲ್ವಾ? ಕೆಳಗಡೆ ಸಾಲುಸಾಲು ಕಾಲುಗಳು ಏಳುತ್ತಿವೆ, ಚಾಚುತ್ತಿವೆ, ಊರುತ್ತಿವೆ, ಅಷ್ಟೆಲ್ಲ ಗಡಿಬಿಡಿ ಇದ್ದರೂ ಬೆನ್ನು ಮಾತ್ರ ಒಂದೇ ಎತ್ತರದಲ್ಲಿ ತೇಲಿಕೊಂಡು ಬರುತ್ತಿದೆ. ಇದು ಜೀವ ಇರುವ ಪ್ರಾಣಿ ಅಂತ ನಮಗೆ ಅನಿಸುವುದು ಇಲ್ಲಿಂದ. ಗಾಳಿ ಹಿಡಿಯುವುದು ಸುಲಭದ ಕೆಲಸ, ಮನುಷ್ಯರು ಸಾವಿರಾರು ವರ್ಷಗಳಿಂದ ಹಿಡಿಯುತ್ತಲೇ ಇದ್ದಾರೆ. ಕಷ್ಟ ಇರುವುದೆಲ್ಲ ಕಾಲಿನಲ್ಲಿ. ಹಾಗಾಗಿ ಇವತ್ತು ಜಾಸ್ತಿ ಹೊತ್ತು ಕಾಲಿನ ಬಗ್ಗೆಯೇ ಮಾತಾಡೋಣ.

ಇವನ್ನು ಮಾಡುತ್ತಿರುವವರು ನೆದರ್ಲೆಂಡ್ಸ್‌ನ ಥಿಯೋ ಯಾನ್ಸೆನ್. ಹುಟ್ಟಿದ್ದು 1948ರಲ್ಲಿ, ಹೇಗ್ ನಗರದ ಕಡಲಂಚಿನ ಸ್ಕೆವೆನಿಂಗೆನ್‌ನಲ್ಲಿ. ಡೆಲ್ಫ್ಟ್‌ನಲ್ಲಿ ಫಿಸಿಕ್ಸ್ ಓದಲು ಸೇರಿ, ಪದವಿ ಮುಗಿಸದೆ ಹೊರಬಂದು ಪೇಂಟಿಂಗ್ ಹಿಡಿದವರು. 1980ರಲ್ಲಿ ಹೀಲಿಯಂ ತುಂಬಿದ ಹಾರುವ ತಟ್ಟೆಯೊಂದನ್ನು ಅದೇ ಡೆಲ್ಫ್ಟ್ ಮೇಲೆ ಹಾರಿಸಿ ಊರಿಗೆ ಊರೇ ಗಾಬರಿಯಿಂದ ತಲೆ ಎತ್ತುವಂತೆ ಮಾಡಿದ್ದರು. ಅವರ ದೇಶದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಕಡಲನ್ನು ತಡೆಯುವುದರಲ್ಲಿ ದಡದ ಮರಳು ದಿಬ್ಬಗಳ ಪಾತ್ರ ದೊಡ್ಡದು. 1990ರಲ್ಲಿ ಅವರು ಒಂದು ಪತ್ರಿಕೆಯ ಅಂಕಣದಲ್ಲಿ ಹೀಗೊಂದು ಯೋಚನೆ ಬರೆದರು: ಗಾಳಿಗೆ ತಾವೇ ಓಡಾಡುವ ಪ್ರಾಣಿಗಳಿದ್ದರೆ, ಅವು ಮರಳನ್ನು ಕೆದಕಿ ಮೇಲಕ್ಕೆ ಎಸೆದರೆ, ಗಾಳಿ ಅದನ್ನು ದಿಬ್ಬಕ್ಕೆ ಒಯ್ದು ಹಾಕುತ್ತದೆ, ದಿಬ್ಬ ಬೆಳೆಯುತ್ತದೆ. ಬರೆದು ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಪೈಪು ತಂದು ಕೆಲಸ ಶುರು ಮಾಡಿದರು. ಈ ಪ್ರಾಣಿಗಳನ್ನು ಸ್ಟ್ರಾಂಡ್‌ಬೀಸ್ಟ್ ಅಂತ ಕರೆಯುತ್ತಾರೆ.

[ದೃಶ್ಯ: ಒಂದೇ ಒಂದು ಕಾಲು, ಪಕ್ಕದಿಂದ. ನಿಧಾನಗತಿಯಲ್ಲಿ.]

ಈಗ ಒಂದು ಕಾಲನ್ನು ಬಿಡಿಸಿ ನೋಡೋಣ.

ಬೆನ್ನಿನ ಉದ್ದಕ್ಕೂ ಒಂದು ದಂಡ ಹೋಗಿದೆ. ಅದು ನೇರ ದಂಡ ಅಲ್ಲ, ಅಲ್ಲಲ್ಲಿ ಸೈಕಲ್ ಪೆಡಲ್ ತರ ಹೊರಕ್ಕೆ ಮಡಚಿಕೊಂಡಿದೆ. ಇದೇ ಕ್ರ್ಯಾಂಕ್. ದಂಡ ತಿರುಗಿದರೆ ಆ ಮಡಿಕೆ ವೃತ್ತದಲ್ಲಿ ಸುತ್ತುತ್ತದೆ. ಮಡಿಕೆಯಿಂದ ಎರಡು ಪೈಪು ಹೊರಡುತ್ತವೆ. ಒಂದು ಮೇಲಕ್ಕೆ ಹೋಗಿ ತೊಡೆಯ ತ್ರಿಕೋನವನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಕೆಳಕ್ಕೆ ಹೋಗಿ ಪಾದದ ತ್ರಿಕೋನವನ್ನು. ತೊಡೆಯ ತ್ರಿಕೋನ ದೇಹದ ಮೇಲಿನ ಒಂದು ಬಿಂದುವಿಗೆ ಕೀಲು ಹಾಕಿಕೊಂಡು ಅಲ್ಲೇ ತೂಗಾಡುತ್ತದೆ. ಎರಡು ತ್ರಿಕೋನಗಳ ನಡುವೆ ಹೊರಗಡೆ ಒಂದು ಪೈಪು. ಒಳಗಡೆ, ಅದೇ ಕೀಲಿನಿಂದ ಪಾದದ ತ್ರಿಕೋನಕ್ಕೆ ಇನ್ನೊಂದು. ಮುಗಿಯಿತು. ಸ್ಪ್ರಿಂಗ್ ಇಲ್ಲ, ಗೇರ್ ಇಲ್ಲ. ಕ್ರ್ಯಾಂಕ್ ಒಂದು ಸುತ್ತು ಬಂದರೆ ಪಾದ ಒಂದು ಹೆಜ್ಜೆ ಹಾಕುತ್ತದೆ.

ಆ ಪಾದದ ತುದಿಗೆ ಒಂದು ಪೆನ್ಸಿಲ್ ಕಟ್ಟಿದ್ದೀವಿ ಅಂದುಕೊಳ್ಳಿ. ಯಾವ ಗೆರೆ ಬರುತ್ತದೆ?

[ದೃಶ್ಯ: ಪಾದದ ತುದಿ ಬಿಡಿಸುವ ಗೆರೆ ನಿಧಾನವಾಗಿ ಮೂಡುತ್ತದೆ. ತಳದ ಭಾಗ ಕೆಂಪು ಬಣ್ಣದಲ್ಲಿ.]

ತಳ ನೋಡಿ, ಹತ್ತಿರ ಹತ್ತಿರ ಚಪ್ಪಟೆ. ಪಾದ ನೆಲದ ಮೇಲೆ ಇರುವಷ್ಟು ಹೊತ್ತೂ ಅದು ನೇರ ಗೆರೆಯಲ್ಲೇ ಹಿಂದಕ್ಕೆ ಸರಿಯುತ್ತದೆ, ಸರಿಯುವ ವೇಗವೂ ಹೆಚ್ಚು ಕಡಿಮೆ ಒಂದೇ. ಆಮೇಲೆ ತಟ್ಟನೆ ಮೇಲೆದ್ದು, ಮುಂದಕ್ಕೆ ಬಂದು, ಮತ್ತೆ ಊರುತ್ತದೆ. ಬೆನ್ನು ಕುಲುಕದೆ ಇರುವುದು ಆ ಚಪ್ಪಟೆ ತಳದಿಂದಲೇ. ಪಾದ ವೃತ್ತದಲ್ಲಿ ಸುತ್ತಿದ್ದರೆ ಪ್ರತಿ ಹೆಜ್ಜೆಗೂ ಇಡೀ ದೇಹವನ್ನು ಎತ್ತಿ ಇಳಿಸಬೇಕಾಗುತ್ತಿತ್ತು. ಅಷ್ಟು ಭಾರ ಎತ್ತಲು ಗಾಳಿಯ ಶಕ್ತಿ ಸಾಲುವುದಿಲ್ಲ, ಎತ್ತಿದರೂ ಅದೆಲ್ಲ ವ್ಯರ್ಥ. ಒಂದು ಕಾಲು ಎದ್ದಾಗ ಇನ್ನೊಂದು ಊರಿಕೊಂಡಿರಲಿ ಅಂತ ಕಾಲುಗಳ ಜೋಡಿಗಳನ್ನು ಕ್ರ್ಯಾಂಕ್ ಮೇಲೆ ಬೇರೆ ಬೇರೆ ಕೋನದಲ್ಲಿ ಕೂರಿಸಿರುತ್ತಾರೆ.

ಹಾಗಾದರೆ ಚಕ್ರ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಗಟ್ಟಿ ರಸ್ತೆಯಲ್ಲಿ ಚಕ್ರಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಒಣ ಮರಳಲ್ಲಿ ಹಾಗಲ್ಲ. ಚಕ್ರ ಹೋಗುವ ದಾರಿಯ ಪ್ರತಿ ಇಂಚನ್ನೂ ತುಳಿಯಬೇಕು, ತುಳಿದಲ್ಲೆಲ್ಲ ಸ್ವಲ್ಪ ಹೂತು, ಮುಂದಿನ ಮರಳನ್ನು ತಳ್ಳಿಕೊಂಡೇ ಹೋಗಬೇಕು. ಕಾಲು ಹಾಗೆ ಮಾಡುವುದಿಲ್ಲ. ಇಲ್ಲಿ ಊರಿ, ನಡುವಿನ ಜಾಗ ದಾಟಿ, ಅಲ್ಲಿ ಊರುತ್ತದೆ.

ಇಂಥ ಗೆರೆ ಬೇಕು ಅನ್ನುವ ಯೋಚನೆ ಹಳೆಯದೇ. ರಷ್ಯಾದ ಗಣಿತಜ್ಞ ಚೆಬಿಷೆವ್ ಮಾಡಿದ ನಡೆಯುವ ಯಂತ್ರ 1878ರ ಪ್ಯಾರಿಸ್ ಪ್ರದರ್ಶನಕ್ಕೆ ಹೋಗಿತ್ತು. ಆದರೆ ಯಾನ್ಸೆನ್ ತಮ್ಮ ಕಾಲಿಗೆ ಬೇಕಾದ ಅಳತೆಗಳನ್ನು ಹುಡುಕಿದ ರೀತಿ ಇದೆಯಲ್ಲ, ಅದು ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

ಕಾಲಿನಲ್ಲಿ ಮುಖ್ಯವಾದ ಅಳತೆಗಳು 11. ಒಂದೊಂದಕ್ಕೂ ಬರೀ 10 ಬೇರೆ ಬೇರೆ ಉದ್ದ ಪ್ರಯತ್ನಿಸೋಣ ಅಂದರೂ ಹತ್ತು ಸಾವಿರ ಕೋಟಿ ಬಗೆಯ ಕಾಲುಗಳಾಗುತ್ತವೆ. ಒಂದೊಂದಾಗಿ ನೋಡಿ ಮುಗಿಸುವ ಮಾತೇ ಇಲ್ಲ. ಆಗ ಅವರ ಹತ್ತಿರ ಇದ್ದದ್ದು ಅಟಾರಿ ಕಂಪ್ಯೂಟರ್. ಅದರಲ್ಲಿ ಮನಸ್ಸಿಗೆ ಬಂದ ಉದ್ದಗಳ 1500 ಕಾಲು ಹುಟ್ಟಿಸಿದರು. ಯಾವುದರ ಪಾದ ಆ ಚಪ್ಪಟೆ ಗೆರೆಗೆ ಹತ್ತಿರ ಬರುತ್ತದೆ ಅಂತ ಕಂಪ್ಯೂಟರ್ ಅಳೆದು, ಉತ್ತಮವಾದ 100 ಆರಿಸಿತು. ಆ 100ರ ಅಳತೆಗಳನ್ನೇ ಬೆರೆಸಿ ಮತ್ತೆ 1500. ಮತ್ತೆ ಆಯ್ಕೆ, ಮತ್ತೆ ಬೆರಕೆ. ಹಗಲು ರಾತ್ರಿ ಕಂಪ್ಯೂಟರ್ ಆರಿಸದೆ ವಾರಗಟ್ಟಲೆ, ತಿಂಗಳುಗಟ್ಟಲೆ ಇದೇ ನಡೆಯಿತು. ಪ್ರಕೃತಿಯಲ್ಲಿ ತಲೆಮಾರುಗಳ ಮೇಲೆ ನಡೆಯುವ ಆಯ್ಕೆಯನ್ನೇ ಅವರು ಒಂದು ಮೇಜಿನ ಮೇಲೆ ನಡೆಸಿದ್ದರು.

[ಪರದೆಯ ಮೇಲೆ: 38 – 41.5 – 39.3 – 40.1 – 55.8 – 39.4 – 36.7 – 65.7 – 49 – 50 – 61.9]

ಕೊನೆಗೆ ಸಿಕ್ಕಿದ್ದು ಈ 11 ಸಂಖ್ಯೆ. ಯಾನ್ಸೆನ್ ಇವನ್ನು ಪವಿತ್ರ ಸಂಖ್ಯೆಗಳು ಅನ್ನುತ್ತಾರೆ. ಮಿಲಿಮೀಟರ್ ಅಂತ ತಗೊಳ್ಳಿ, ಸೆಂಟಿಮೀಟರ್ ಅಂತ ತಗೊಳ್ಳಿ, ಅನುಪಾತ ಇದೇ ಇದ್ದರೆ ಕಾಲು ನಡೆಯುತ್ತದೆ. ಅದಕ್ಕೇ ಅಂಗೈಯಲ್ಲಿ ಕೂರುವ ಆಟಿಕೆಯಲ್ಲೂ, ಅವರು ಮಾಡಿದ 4.7 ಮೀಟರ್ ಎತ್ತರದ ಘೇಂಡಾಮೃಗದಂಥ ಪ್ರಾಣಿಯಲ್ಲೂ ಅದೇ ನಡಿಗೆ. ಈ ಅಳತೆಗಳನ್ನು ಅವರು ಬಚ್ಚಿಟ್ಟುಕೊಳ್ಳಲಿಲ್ಲ, ಎಲ್ಲರಿಗೂ ತೆರೆದಿಟ್ಟರು. ಇವತ್ತು ಪ್ರಪಂಚದ ಎಲ್ಲೆಲ್ಲೋ ವಿದ್ಯಾರ್ಥಿಗಳು ಇದೇ ಕಾಲು ಮಾಡಿ ನಡೆಸುತ್ತಿದ್ದಾರೆ ಅಂದರೆ ಆ ದೊಡ್ಡ ಮನಸ್ಸೇ ಕಾರಣ.

ಸಾಮಗ್ರಿ ಬಗ್ಗೆ ಸ್ವಲ್ಪ. ಆ ಹಳದಿ ಪೈಪು ವಿಶೇಷದ್ದೇನೂ ಅಲ್ಲ, ಮನೆಯ ವೈರಿಂಗ್‌ಗೆ ಗೋಡೆಯೊಳಗೆ ಹಾಕುವ ಪಿವಿಸಿ ಪೈಪು. ಅಗ್ಗ, ಹಗುರ, ಬಿಸಿ ಮಾಡಿದರೆ ಬಾಗುತ್ತದೆ. ಮೊದಲ ಪ್ರಾಣಿಯನ್ನು ಟೇಪ್ ಸುತ್ತಿ ಕಟ್ಟಿದ್ದರು. ಅದಕ್ಕೆ ನಿಲ್ಲಲೂ ಆಗಲಿಲ್ಲ, ಬೆನ್ನ ಮೇಲೆ ಮಲಗಿಕೊಂಡು ಕಾಲು ಆಡಿಸುತ್ತಿತ್ತು. ಟೇಪ್ ಬಿಟ್ಟು ಕೇಬಲ್ ಟೈ ಹಿಡಿದ ಮೇಲೆ ಕೀಲು ಬಿಗಿಯಾಯಿತು, ಮುಂದಿನ ಪ್ರಾಣಿ ಎದ್ದು ನಡೆಯಿತು. ಆಮೇಲೆ ಮರದ ಹಲಗೆ, ಉಕ್ಕು ಎಲ್ಲ ಪ್ರಯತ್ನಿಸಿದರು, ಆದರೂ ತಿರುಗಿ ಬಂದದ್ದು ಅದೇ ಪೈಪಿಗೆ. ಒಂದೇ ವಸ್ತು ಇಟ್ಟುಕೊಂಡು ಮೂಳೆ, ಸ್ನಾಯು, ನರ ಎಲ್ಲ ಅದರಲ್ಲೇ ಮಾಡಬೇಕು ಅಂತ ಹಟ ಹಿಡಿದದ್ದರಿಂದಲೇ ಮುಂದಿನದೆಲ್ಲ ಹುಟ್ಟಿತು ಅಂತ ನನಗೆ ಅನಿಸುತ್ತದೆ.

ಮುಂದಿನದು ಅಂದರೆ ಏನು? ಗಾಳಿ ನಿಂತಾಗ ಏನು ಮಾಡುವುದು?

[ದೃಶ್ಯ: ಪ್ರಾಣಿಯ ಹೊಟ್ಟೆಯ ಭಾಗ. ಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ಬಾಟಲಿಗಳು.]

ಗಾಳಿ ನಿಂತು, ಅದೇ ಹೊತ್ತಿಗೆ ಉಬ್ಬರ ಬಂದರೆ ಪ್ರಾಣಿ ನೀರುಪಾಲು. ಅದಕ್ಕೆ ಯಾನ್ಸೆನ್ ಹೊಟ್ಟೆ ಕೊಟ್ಟರು. ತಂಪು ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿಗಳೇ ಹೊಟ್ಟೆ. ಮೇಲಿನ ರೆಕ್ಕೆಗಳು ಗಾಳಿಗೆ ಬಡಿದಾಡುವಾಗ ಸಣ್ಣ ಸಣ್ಣ ಪಂಪುಗಳು ಆಡಿ, ಬಾಟಲಿಯೊಳಗೆ ಗಾಳಿ ತುರುಕುತ್ತವೆ. ಒತ್ತಡ ಏರುತ್ತದೆ. ಬೇಕಾದಾಗ ಅದನ್ನು ಸ್ನಾಯುಗಳಿಗೆ ಬಿಡುತ್ತಾರೆ. ಸ್ನಾಯು ಅಂದರೆ ಒಂದು ಪೈಪಿನೊಳಗೆ ಜಾರುವ ಇನ್ನೊಂದು ಪೈಪು, ಗಾಳಿ ಸೋರದಂತೆ ನಡುವೆ ರಬ್ಬರ್ ರಿಂಗ್. ಒಳಗೆ ಗಾಳಿ ಹೋದರೆ ಸ್ನಾಯು ಉದ್ದವಾಗುತ್ತದೆ. ಹೀಗೆ ಕೂಡಿಟ್ಟ ಗಾಳಿಯಲ್ಲಿ ಸ್ವಲ್ಪ ದೂರ ನಡೆದು ಎತ್ತರದ ಜಾಗ ಸೇರಿಕೊಳ್ಳಬಹುದು.

ಸರಿ, ನೀರು ಬಂತು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ನೆಲಕ್ಕೆ ತಾಗಿಕೊಂಡು ಒಂದು ತೆಳು ಕೊಳವೆ ಎಳೆದುಕೊಂಡು ಹೋಗುತ್ತದೆ, ಸದಾ ಗಾಳಿ ಹೀರುತ್ತಾ ಇರುತ್ತದೆ. ಗಾಳಿ ಸರಾಗವಾಗಿ ಬರುತ್ತಿದ್ದರೆ ಒಣ ನೆಲ. ಕೊಳವೆಯ ಬಾಯಿಗೆ ನೀರು ಸಿಕ್ಕಿತು ಅಂದರೆ ಹೀರುವುದು ಭಾರವಾಗುತ್ತದೆ, ಆ ಬದಲಾವಣೆ ಒಂದು ವಾಲ್ವ್ ತಿರುಗಿಸುತ್ತದೆ, ಪ್ರಾಣಿ ಹಿಂದಕ್ಕೆ ಹೊರಡುತ್ತದೆ. ಒಂದೂ ಚಿಪ್ ಇಲ್ಲದೆ! ಇಂಥ ವಾಲ್ವ್‌ಗಳನ್ನೇ ಒಂದಕ್ಕೊಂದು ಜೋಡಿಸಿ ಹೆಜ್ಜೆ ಎಣಿಸುವ ವ್ಯವಸ್ಥೆಯನ್ನೂ ಮಾಡಿದ್ದಾರೆ, ಕಂಪ್ಯೂಟರ್ ಎಣಿಸುವ ಹಾಗೆ ಸೊನ್ನೆ ಮತ್ತು ಒಂದರಲ್ಲೇ. ನೀರಿನಿಂದ ಎಷ್ಟು ಹೆಜ್ಜೆ ದೂರ ಬಂದೆ ಅನ್ನುವ ಲೆಕ್ಕ ಅದರಲ್ಲಿ ಉಳಿಯುತ್ತದೆ. ಗಾಳಿ ತೀರಾ ಜೋರಾದರೆ ಮರಳಿಗೆ ಗೂಟ ಹೊಡೆದು ತನ್ನನ್ನು ತಾನೇ ಕಟ್ಟಿಕೊಳ್ಳುವ ಪ್ರಾಣಿಯೂ ಇದೆ.

ಆದರೂ ಇವುಗಳ ದೊಡ್ಡ ಶತ್ರು ನೀರೂ ಅಲ್ಲ, ಬಿರುಗಾಳಿಯೂ ಅಲ್ಲ ಅಂತ ನನ್ನ ಲೆಕ್ಕ. ಮರಳು. ಅಷ್ಟೊಂದು ಕೀಲುಗಳು, ಒಂದೊಂದು ಕೀಲಿನೊಳಗೂ ಮರಳಿನ ಕಣ ಹೊಕ್ಕು ಪ್ಲಾಸ್ಟಿಕ್ಕನ್ನು ಉಜ್ಜುತ್ತಾ ಹೋಗುತ್ತದೆ. ಸಡಿಲವಾದ ಕೀಲು ಅಂದರೆ ಬದಲಾದ ಅಳತೆ, ಬದಲಾದ ಅಳತೆ ಅಂದರೆ ಕೆಟ್ಟ ಗೆರೆ. 2016ರ ನಂತರದ ಕೆಲವು ಪ್ರಾಣಿಗಳಲ್ಲಿ ಯಾನ್ಸೆನ್ ಕಾಲನ್ನೇ ಬಿಟ್ಟುಬಿಟ್ಟರು. ಅವು ಕಂಬಳಿಹುಳದ ಹಾಗೆ ಅಲೆಅಲೆಯಾಗಿ ತೆವಳುತ್ತವೆ, ಕೀಲೇ ಇಲ್ಲ ಅಂದಮೇಲೆ ಸವೆಯುವುದಕ್ಕೂ ಏನಿಲ್ಲ. ಅಷ್ಟು ಕಷ್ಟಪಟ್ಟು ಕಂಡುಹಿಡಿದ ಕಾಲನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡುವುದಕ್ಕೆ ಎಂಥ ಧೈರ್ಯ ಬೇಕು ನೋಡಿ.

[ದೃಶ್ಯ: ಶುಕ್ರ ಗ್ರಹದ ಚಿತ್ರ.]

ಈಗ ಕಡಲತೀರ ಬಿಟ್ಟು ಶುಕ್ರ ಗ್ರಹಕ್ಕೆ ಹೋಗೋಣ. ಅಲ್ಲಿನ ನೆಲದ ಮೇಲೆ ಬಿಸಿ ಸುಮಾರು 460 ಡಿಗ್ರಿ ಸೆಲ್ಸಿಯಸ್, ಒತ್ತಡ ಭೂಮಿಯ 90 ಪಟ್ಟು. ಸಾಮಾನ್ಯ ಎಲೆಕ್ಟ್ರಾನಿಕ್ಸ್ ಅಲ್ಲಿ ಉಳಿಯುವುದಿಲ್ಲ. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಕೆಲಸ ಮಾಡಿದ್ದು 127 ನಿಮಿಷ. ಹಾಗಾಗಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಕೆಲವರು, ಎಲೆಕ್ಟ್ರಾನಿಕ್ಸ್ ಆದಷ್ಟು ಬಿಟ್ಟು, ಗಾಳಿಯಿಂದಲೇ ನಡೆಯುವ ಯಾಂತ್ರಿಕ ರೋವರ್ ಮಾಡಿದರೆ ಹೇಗೆ ಅಂತ ಯೋಚಿಸಿದರು. ಸ್ಫೂರ್ತಿ ಸ್ಟ್ರಾಂಡ್‌ಬೀಸ್ಟ್. ಮೊದಲ ನಕ್ಷೆಯಲ್ಲಿ ಅದೇ ಕಾಲುಗಳೂ ಇದ್ದವು. ಯಾನ್ಸೆನ್‌ರನ್ನೇ ಕರೆಸಿದರು. ಅವರು ಬಂದು ಮೊದಮೊದಲೇ ಕೊಟ್ಟ ಸಲಹೆ ಏನು ಗೊತ್ತಾ? ಕಾಲು ತೆಗೆದುಹಾಕಿ ಅಂತ!

ಯಾಕೆ ಅಂತ ಆ ಗೆರೆಯನ್ನು ನೆನಪಿಸಿಕೊಂಡರೆ ಗೊತ್ತಾಗುತ್ತದೆ. ಪಾದ ಸ್ವಲ್ಪವೇ ಮೇಲೇಳುತ್ತದೆ. ಸಮತಟ್ಟಾದ, ಮೆತ್ತನೆ ಮರಳಿಗೆ ಅಷ್ಟು ಸಾಕು. ಹೇಗಿದೆ ಅಂತ ಗೊತ್ತಿಲ್ಲದ ಕಲ್ಲು ನೆಲದಲ್ಲಿ ಒಂದು ಸಲ ಎಡವಿ ಉರುಳಿದರೆ ಎತ್ತಿ ನಿಲ್ಲಿಸುವವರು ಯಾರೂ ಇಲ್ಲ. ರೋವರ್ ನಕ್ಷೆಯಲ್ಲಿ ಕಾಲುಗಳ ಜಾಗಕ್ಕೆ ಟ್ಯಾಂಕಿನಂಥ ಪಟ್ಟಿ ಬಂತು.

ನೀವೇ ಒಂದು ಕಾಲು ಮಾಡಿ ನೋಡಬೇಕು ಅಂತಿದ್ದರೆ ದಪ್ಪ ರಟ್ಟು ಸಾಕು. ಪರದೆಯ ಮೇಲಿನ ಸಂಖ್ಯೆಗಳನ್ನು ಎರಡರಿಂದ ಗುಣಿಸಿ, ಮಿಲಿಮೀಟರ್ ಅಂದುಕೊಂಡು ಪಟ್ಟಿ ಕತ್ತರಿಸಿ. ಅಳತೆ ಪಟ್ಟಿಯ ತುದಿಯಿಂದ ತುದಿಗಲ್ಲ, ತೂತಿನ ಮಧ್ಯದಿಂದ ತೂತಿನ ಮಧ್ಯಕ್ಕೆ. ಮೊದಲ ಸಂಖ್ಯೆ 38, ಅದು ಪಟ್ಟಿ ಅಲ್ಲ: ಕ್ರ್ಯಾಂಕ್‌ನ ನಡುವಿನಿಂದ ದೇಹದ ಕೀಲು ಅಡ್ಡಕ್ಕೆ ಎಷ್ಟು ದೂರ ಇರಬೇಕು ಅನ್ನುವುದು. ಆ ಕೀಲು ಕ್ರ್ಯಾಂಕ್‌ಗಿಂತ 7.8ರಷ್ಟು ಕೆಳಗಿರಲಿ, ಕ್ರ್ಯಾಂಕ್‌ನ ತೋಳು 15 ಇರಲಿ, ಇವೆರಡನ್ನೂ ಎರಡರಿಂದ ಗುಣಿಸುವುದು ಮರೆಯಬೇಡಿ. ತೊಡೆಯ ತ್ರಿಕೋನಕ್ಕೆ 41.5, 40.1, 55.8. ಪಾದದ್ದಕ್ಕೆ 36.7, 65.7, 49. ಕ್ರ್ಯಾಂಕ್‌ನಿಂದ ಮೇಲಕ್ಕೆ ಹೋಗುವುದು 50, ಕೆಳಕ್ಕೆ 61.9. ತ್ರಿಕೋನಗಳ ನಡುವೆ ಒಳಗಡೆ 39.3, ಹೊರಗಡೆ 39.4.

ಪಾದದ ತುದಿಗೆ ಪೆನ್ಸಿಲ್ ಸಿಕ್ಕಿಸಿ ಕ್ರ್ಯಾಂಕ್ ತಿರುಗಿಸಿ. ಚಪ್ಪಟೆ ತಳ ಬಂತಾ? ಈಗ ಯಾವುದಾದರೂ ಒಂದೇ ಪಟ್ಟಿಯನ್ನು ಬೇಕಂತಲೇ ಐದು ಮಿಲಿಮೀಟರ್ ಉದ್ದ ಮಾಡಿ, ಅದೇ ಹಾಳೆಯ ಮೇಲೆ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಮತ್ತೆ ಬಿಡಿಸಿ. ಯಾವ ಪಟ್ಟಿ ಬದಲಿಸಿದಾಗ ಗೆರೆ ಜಾಸ್ತಿ ಕೆಟ್ಟಿತು ಅಂತ ಕೆಳಗೆ ಬರೆಯಿರಿ.