ಅವರ ರಜೆ, ನಮ್ಮ ಸುಣ್ಣ

ಕೇಳುಗರಿಗೆ ನಮಸ್ಕಾರ. ಹಂಪಿ, ಕಮಲಾಪುರ, ಆನೆಗೊಂದಿಗಳಲ್ಲಿ ಅತಿಥಿಗಳಿಗೆ ಕೋಣೆ ಕೊಡುವವರು, ಆಟೋ ಓಡಿಸುವವರು, ಹರಿಗೋಲು ಹಾಕುವವರು ಕೆಲಸದ ನಡುವೆ ಕಿವಿಗೊಟ್ಟಿದ್ದೀರಿ ಎಂದುಕೊಂಡು ಮಾತನಾಡುತ್ತೇನೆ. ಹೇಳುವುದು ಒಂದೇ ಮಾತು: ವಿದೇಶಿಯರು ಯಾವಾಗ ಬರುತ್ತಾರೆಂದು ನಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ಅವರ ರಜೆಯ ಪಟ್ಟಿ ನೋಡಿ.

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೀಸನ್. ಅಲ್ಲಿ ಕೊರೆಯುವ ಚಳಿ, ಇಲ್ಲಿ ಹಿತವಾದ ಬಿಸಿಲು. ದೇಶಕ್ಕೆ ಬರುವ ವಿದೇಶಿಯರ ಸಂಖ್ಯೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಏರುತ್ತದೆ, ಮೇ ತಿಂಗಳಲ್ಲಿ ತಳ ಮುಟ್ಟುತ್ತದೆ. ಮೇ ತಿಂಗಳಲ್ಲಿ ನಮ್ಮ ಬಂಡೆಗಳು ರಾತ್ರಿಯಾದರೂ ಬಿಸಿ ಉಗುಳುತ್ತಿರುತ್ತವೆ, ಯಾರು ಬಂದಾರು?

ನಾನು ಬಹುಕಾಲ ಗೈಡ್ ಆಗಿದ್ದವನು. ಒಮ್ಮೆ ದೀಪಾವಳಿಗೆ ನಾಲ್ಕು ದಿನವಿರುವಾಗ ಜರ್ಮನಿಯ ದಂಪತಿಯನ್ನು ಪರಿಚಯದವರೊಬ್ಬರ ಮನೆಗೆ ಕರೆದುಕೊಂಡು ಹೋದೆ. ಅಂಗಳದಲ್ಲಿ ಮಂಚ, ಮಂಚದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ದೇವರ ಪಟಗಳು. ಒಳಗೆ ಸುಣ್ಣ ಬಳಿಯುತ್ತಿದ್ದರು. "ಹಬ್ಬ ಬಂತಲ್ಲ ಸಾರ್" ಎಂದರು ಯಜಮಾನರು. ಆಕೆ ಬೆನ್ನಿನ ಚೀಲ ಇಳಿಸಿ ಗೋಡೆಗೆ ಒರಗಿಸಿದರು. ಎತ್ತಿಕೊಂಡಾಗ ನೀಲಿ ಚೀಲದ ಜೊತೆ ಗೋಡೆಯೂ ಅರ್ಧ ಬಂದಿತ್ತು! ಮನೆಯಾಕೆ ಓಡಿ ಬಂದು ಸೆರಗಿನಿಂದ ಒರೆಸಿದರು, ಸುಣ್ಣ ಇನ್ನಷ್ಟು ಹರಡಿತು. ಗಂಡ ನಕ್ಕರು, ಹೆಂಡತಿ ನಗಲಿಲ್ಲ. ಸಂಜೆಯೊಳಗೆ ಇಬ್ಬರೂ ಹೊಸಪೇಟೆಯ ಲಾಡ್ಜ್ ಸೇರಿದರು. ನಾಲ್ಕು ರಾತ್ರಿಯ ಬಾಡಿಗೆಯೂ ಅಲ್ಲಿಗೇ ಹೋಯಿತು. ಅದೇ ಮನೆ ಮೇ ತಿಂಗಳಿಡೀ ಖಾಲಿ ಬಿದ್ದಿತ್ತು. ಆಗ ಬಳಿದಿದ್ದರೆ ಸುಣ್ಣ ಮಧ್ಯಾಹ್ನಕ್ಕೆಲ್ಲ ಒಣಗುತ್ತಿತ್ತು. ಅವರಿಗೆ ಬಿಡಿಸಿ ಹೇಳಿದೆ. ಮರುವರ್ಷವೂ ದೀಪಾವಳಿಗೇ ಬಳಿದರು.

ಆಗಸ್ಟ್ ಸತ್ತ ತಿಂಗಳು ಎನ್ನುತ್ತೀರಿ. ಯಾರಿಗೆ? ಇಟಲಿ, ಸ್ಪೇನ್‌ಗಳಲ್ಲಿ ದೊಡ್ಡ ರಜೆ ಇರುವುದೇ ಆಗಸ್ಟಿನಲ್ಲಿ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆಯಲ್ಲಿರುವ ಪುರಂದರ ಮಂಟಪ ಮುಳುಗಿದರೆ ಹರಿಗೋಲು ನಿಲ್ಲುತ್ತದೆ, ಒಪ್ಪಿದೆ. ಕೋಣೆಗೇಕೆ ಬೀಗ? ಅವರ ರಜೆಯ ಪಟ್ಟಿ ನೋಡಿ ಎಂದಿದ್ದು ಇದಕ್ಕೇ.

ಇನ್ನು ವ್ಯವಹಾರಕ್ಕೆ ಬರುವವರು. ವಿಷಯ ದೊಡ್ಡದು, ಸುಣ್ಣದ ಕತೆಯಲ್ಲಿ ಹೊತ್ತು ಹೋಯಿತು. ಬೆಂಗಳೂರಿಗೆ ಬರುವ ಇವರಿಗೆ ಬಿಸಿಲು, ಮಳೆ ಲೆಕ್ಕಕ್ಕಿಲ್ಲ. ಕ್ರಿಸ್‌ಮಸ್ ವಾರದಲ್ಲಿ, ನಿಮ್ಮಲ್ಲಿ ಕಾಲಿಡಲು ಜಾಗವಿಲ್ಲದಾಗ, ಇವರು ತಮ್ಮ ಊರಿಗೆ ಹೋಗಿರುತ್ತಾರೆ. ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಗುಂಪುಗುಂಪಾಗಿ ಇಳಿಯುತ್ತಾರೆ. ಇವರಿಗೂ ಶನಿವಾರ, ಭಾನುವಾರ ಬಿಡುವು. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಹಾಗೆ ಬಂದವರನ್ನು "ಕೋಣೆ ಹನ್ನೆರಡಕ್ಕೆ" ಎಂದು ಜಗುಲಿಯಲ್ಲಿ ಕೂರಿಸಬೇಡಿ. ನೀರು ಕಾಯಿಸಿಡಿ, ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಕೊಡಿ. ಮಿರ್ಚಿ ಮಾತ್ರ ಕೇಳಿ ಕೊಡಿ. ನಮಸ್ಕಾರ.