ಬಡತನದ ವಿರುದ್ಧ ಬೀದಿಗೆ: ತಲೆ ಎಣಿಕೆಯಿಂದ ಆವಕ ನಂಬರಿನವರೆಗೆ

ಕೇಳುಗರಿಗೆ ನಮಸ್ಕಾರ.

ಅಕ್ಟೋಬರ್ 17 ವಿಶ್ವಸಂಸ್ಥೆಯ ಲೆಕ್ಕದಲ್ಲಿ ಬಡತನ ನಿರ್ಮೂಲನಾ ದಿನ. ಮುಂಬಯಿ, ಪುಣೆ, ಗೋವೆಯ ನಮ್ಮ ಕನ್ನಡ ಸಂಘಗಳಲ್ಲಿ ಆ ಹೊತ್ತಿಗೆ ದಸರಾ, ದೀಪಾವಳಿ, ರಾಜ್ಯೋತ್ಸವಗಳ ಗಡಿಬಿಡಿ ಇರುತ್ತದೆ. ಹಾಗಾಗಿ ಈ ದಿನ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಗೊತ್ತಾದ ಕಡೆ ಒಂದು ಬ್ಯಾನರು, ಒಂದು ಪ್ರತಿಜ್ಞೆ, ಒಂದು ಫೋಟೋ. ಅಲ್ಲಿಗೆ ಮುಗಿಯಿತು. ಬಡತನ ಸಾಕು ಎಂದು ಜನ ಬೀದಿಗಿಳಿದಾಗ ಯಾವುದು ಫಲ ಕೊಟ್ಟಿದೆ, ಯಾವುದು ಕೊಟ್ಟಿಲ್ಲ, ಏಕೆ ಎಂಬುದನ್ನು ಇವತ್ತು ನೋಡೋಣ.

ಈ ದಿನ ಹುಟ್ಟಿದ್ದು ಪ್ಯಾರಿಸ್‌ನಲ್ಲಿ. 1987ರ ಅಕ್ಟೋಬರ್ 17ರಂದು ಅಲ್ಲಿನ ಟ್ರೊಕಡೆರೊ ಚೌಕದಲ್ಲಿ ಸುಮಾರು ಒಂದು ಲಕ್ಷ ಜನ ಸೇರಿ ಒಂದು ಶಿಲಾಫಲಕ ಇಟ್ಟರು. ಕಡುಬಡತನ ಇರುವಲ್ಲಿ ಮಾನವ ಹಕ್ಕುಗಳ ಉಲ್ಲಂಘನೆ ನಡೆಯುತ್ತಿದೆ ಎಂಬುದು ಅದರ ಮಾತು. ಕರೆ ಕೊಟ್ಟವರು ಜೋಸೆಫ್ ವ್ರೆಸಿನ್ಸ್ಕಿ ಎಂಬ ಪಾದ್ರಿ. ಬಡತನದಲ್ಲೇ ಬೆಳೆದ ಮನುಷ್ಯ. 1950ರ ದಶಕದಲ್ಲಿ ಪ್ಯಾರಿಸ್ ಹೊರವಲಯದ ಮನೆಯಿಲ್ಲದವರ ಶಿಬಿರಕ್ಕೆ ಹೋದಾಗ ಪುಕ್ಕಟೆ ಸೂಪು ಹಂಚುವುದನ್ನು ನಿಲ್ಲಿಸಿ ಅಲ್ಲೊಂದು ಗ್ರಂಥಾಲಯ ತೆರೆದರು. ಬಡವರ ಪರವಾಗಿ ಬೇರೆಯವರು ಮಾತಾಡುವುದಲ್ಲ, ಬಡವರೇ ಮಾತಾಡಬೇಕು ಎಂಬ ಹಟ ಅವರದು. 1992ರಲ್ಲಿ ವಿಶ್ವಸಂಸ್ಥೆ ಈ ದಿನಕ್ಕೆ ಮುದ್ರೆ ಒತ್ತಿತು. ಆ ಹಟ ಮಾತ್ರ ಬಹಳ ಕಡೆ ದಾರಿಯಲ್ಲೇ ಉಳಿಯಿತು.

ಮುಂದಿನ ದೊಡ್ಡ ಅಲೆ ಸಾಲದ ವಿರುದ್ಧ ಎದ್ದದ್ದು. ಬಡ ದೇಶಗಳ ಸಾಲ ಮನ್ನಾ ಮಾಡಿ ಎಂದು 'ಜುಬಿಲಿ 2000' ಚಳವಳಿಯವರು 1998ರ ಮೇ 16ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂಟು ಪ್ರಬಲ ದೇಶಗಳ ಕೂಟವಾದ ಜಿ8ರ ನಾಯಕರ ಸಭೆ ನಡೆಯುತ್ತಿದ್ದಾಗ ಸುಮಾರು 70,000 ಜನರ ಮಾನವ ಸರಪಳಿ ಕಟ್ಟಿದರು. 2005ರ ಜುಲೈ 2ರಂದು ಎಡಿನ್‌ಬರೋದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಿಳಿ ಬಟ್ಟೆ ತೊಟ್ಟು ಊರನ್ನೇ ಸುತ್ತುವರಿದರು. ಮಣಿಕಟ್ಟಿಗೆ ಅಭಿಯಾನದ ಗುರುತಾದ ಬಿಳಿ ಪಟ್ಟಿ. ಅದೇ ವಾರ ಗ್ಲೆನೀಗಲ್ಸ್‌ನಲ್ಲಿ ಸೇರಿದ ಜಿ8 ನಾಯಕರು ಎರಡು ಮಾತು ಕೊಟ್ಟರು. ಒಂದು, 18 ಬಡ ದೇಶಗಳ ಸುಮಾರು 4,000 ಕೋಟಿ ಡಾಲರ್ ಸಾಲ ಮನ್ನಾ. ಇನ್ನೊಂದು, 2010ರ ಹೊತ್ತಿಗೆ ವರ್ಷದ ನೆರವನ್ನು 5,000 ಕೋಟಿ ಡಾಲರಿನಷ್ಟು ಏರಿಸುವುದು.

ಮೊದಲನೆಯದು ನಡೆಯಿತು, ಎರಡನೆಯದು ಪೂರ್ತಿ ನಡೆಯಲಿಲ್ಲ. ಸಾಲ ಮನ್ನಾ ಎಂದರೆ ಹೆಸರು ಹಿಡಿದ ದೇಶ, ಗೊತ್ತಿರುವ ಮೊತ್ತ, ಒಂದು ಸಲದ ತೀರ್ಮಾನ. ಆ 18ರಲ್ಲಿ ಒಂದಾದ ಜಾಂಬಿಯಾ 2006ರ ಏಪ್ರಿಲ್‌ನಲ್ಲಿ ಹಳ್ಳಿ ಆಸ್ಪತ್ರೆಗಳ ಶುಲ್ಕವನ್ನೇ ತೆಗೆದುಹಾಕಿತು. ನೆರವು ಹಾಗಲ್ಲ. ಪ್ರತಿ ವರ್ಷ ಪ್ರತಿ ದೇಶದ ಬಜೆಟ್‌ನಲ್ಲಿ ಅದು ಹೊಸದಾಗಿ ಪಾಸಾಗಬೇಕು. ಬಿಳಿ ಪಟ್ಟಿ ಕಟ್ಟಿದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ. ಬ್ರಿಟನ್ನು ರಾಷ್ಟ್ರೀಯ ಆದಾಯದ ಶೇ. 0.7ರಷ್ಟು ನೆರವು ಕೊಡುತ್ತೇನೆಂದು 2015ರಲ್ಲಿ ಕಾನೂನನ್ನೇ ಮಾಡಿಕೊಂಡಿತು. 2021ರಲ್ಲಿ ಕೋವಿಡ್ ಖರ್ಚಿನ ಹೆಸರಿನಲ್ಲಿ ಅದನ್ನು 0.5ಕ್ಕೆ ಇಳಿಸಿತು. ಕಾನೂನಾದ ಮೇಲೂ ಕಾವಲು ಬೇಕು.

ಆಮೇಲೆ ಬಂದದ್ದು 'ಸ್ಟ್ಯಾಂಡ್ ಅಪ್', ಎದ್ದು ನಿಲ್ಲುವ ಅಭಿಯಾನ. ಅಕ್ಟೋಬರ್ ಮಧ್ಯದ ಗೊತ್ತಾದ ಅವಧಿಯೊಳಗೆ ಎಲ್ಲಾದರೂ ಸೇರಿ, ಪ್ರತಿಜ್ಞೆ ಓದಿ, ಎದ್ದು ನಿಂತು, ತಲೆ ಎಣಿಸಿ, ಸಂಖ್ಯೆ ಕಳಿಸಬೇಕು. ಶಾಲೆ, ಚರ್ಚು, ಮಸೀದಿ, ಆಟದ ಮೈದಾನ, ಎಲ್ಲ ಕಡೆ ನಡೆಯಿತು. 2006ರಲ್ಲಿ 2.35 ಕೋಟಿ, 2007ರಲ್ಲಿ 4.37 ಕೋಟಿ, 2008ರಲ್ಲಿ 11.69 ಕೋಟಿ, 2009ರಲ್ಲಿ 17.3 ಕೋಟಿ ಜನ. ಗಿನ್ನೆಸ್ ದಾಖಲೆ. 2009ರಲ್ಲಿ ಎದ್ದು ನಿಂತವರಲ್ಲಿ ಅರ್ಧಕ್ಕಿಂತ ಹೆಚ್ಚು ಏಷ್ಯಾದವರೇ. ಒಂದು ಸೂಕ್ಷ್ಮ ಇಲ್ಲಿದೆ: ಮೊದಲೆರಡು ವರ್ಷ ಅವಧಿ 24 ಗಂಟೆ, ಆಮೇಲೆ ಮೂರು ದಿನ. ಬಾಗಿಲು ಹೆಚ್ಚು ಹೊತ್ತು ತೆರೆದಿಟ್ಟರೆ ಒಳಗೆ ಬರುವವರೂ ಹೆಚ್ಚುತ್ತಾರೆ. ನಾಲ್ಕೂ ಅಂಕಿಗಳನ್ನು ಒಂದೇ ಸಾಲಿನಲ್ಲಿ ಹೋಲಿಸುವಾಗ ಇದನ್ನು ಮರೆಯಬಾರದು.

ಅಷ್ಟು ಜನ ನಿಂತದ್ದು ದಂಡವೇ ಎಂದರೆ ಹಾಗೇನಿಲ್ಲ. 2015ರೊಳಗೆ ಬಡತನ, ಹಸಿವು ತಗ್ಗಿಸುತ್ತೇವೆಂದು ವಿಶ್ವಸಂಸ್ಥೆಯಲ್ಲಿ ಸರ್ಕಾರಗಳು ಒಪ್ಪಿದ ಸಹಸ್ರಮಾನದ ಗುರಿಗಳು ಎಂಬ ಮಾತು ಶಾಲೆಯ ಮಕ್ಕಳಿಗೂ ತಲುಪಿತು. ಆದರೆ 17 ಕೋಟಿ ಜನ ಯಾರ ಮುಂದೆ ನಿಂತರು, ಯಾವ ತಾರೀಖಿನೊಳಗೆ ಏನು ಕೇಳಿದರು? ಲೋಕದ ಎಲ್ಲ ಸರ್ಕಾರಗಳೂ ಮಾತು ಉಳಿಸಿಕೊಳ್ಳಲಿ ಎಂದರೆ ಯಾವ ಸರ್ಕಾರಕ್ಕೂ ಅದು ತನಗೇ ಹೇಳಿದ್ದು ಅನ್ನಿಸುವುದಿಲ್ಲ.

ಇನ್ನು ನಮ್ಮ ಊರಿಗೇ ಬರೋಣ. 1972ರಲ್ಲಿ ಮಹಾರಾಷ್ಟ್ರದಲ್ಲಿ ಭೀಕರ ಬರ. ಜೋಳ, ಅಕ್ಕಿ, ಎಣ್ಣೆ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ತತ್ವಾರ. ಮುಂಬಯಿಯಲ್ಲಿ ಸಮಾಜವಾದಿ ಮೃಣಾಲ್ ಗೋರೆ, ಕಮ್ಯುನಿಸ್ಟ್ ಅಹಿಲ್ಯಾ ರಾಂಗಣೇಕರ್ ಮೊದಲಾದವರು ಪಕ್ಷಭೇದ ಬದಿಗಿಟ್ಟು ಬೆಲೆಯೇರಿಕೆ ವಿರೋಧಿ ಮಹಿಳಾ ಸಮಿತಿ ಕಟ್ಟಿದರು. ಕೈಯಲ್ಲಿ ಬಾವುಟಕ್ಕಿಂತ ಹೆಚ್ಚಾಗಿ ಲಟ್ಟಣಿಗೆ. ಲಟ್ಟಣಿಗೆ ಹಿಡಿದು ಮೋರ್ಚಾ, ಖಾಲಿ ತಟ್ಟೆ ಬಡಿದು ಸದ್ದು. ಹೊರಗೆ ಬರಲಾರದ ಹೆಂಗಸರೂ ಗೊತ್ತಾದ ಹೊತ್ತಿಗೆ ಮನೆಯಿಂದಲೇ ತಟ್ಟೆ ಬಡಿಯಬಹುದಿತ್ತು. ಚಾಳಿನ ಒಂದು ಮನೆಯಲ್ಲಿ ಶುರುವಾದರೆ ಸಾಕು, ಪಕ್ಕದ ಮನೆಗೆ ಕೇಳದೆ ಇರುತ್ತದೆಯೇ? ಕೇಳಿದ್ದು 'ಬಡತನ ತೊಲಗಲಿ' ಎಂದಲ್ಲ. ರೇಷನ್ ಅಂಗಡಿಗೆ ಸಾಮಾನು ಬರಲಿ, ಅದೂ ಈ ಬೆಲೆಗೆ ಬರಲಿ ಎಂದು. ಕೇಳಬೇಕಾದ ಮಂತ್ರಿ ಯಾರು, ದಾಸ್ತಾನು ಅಡಗಿರುವ ಗೋದಾಮು ಯಾವುದು ಎಂಬುದೂ ಅವರಿಗೆ ಗೊತ್ತಿತ್ತು. ಅದೇ ಬರದ ದಿನಗಳಲ್ಲಿ ವ್ಯಾಪಕವಾಗಿ ಜಾರಿಯಾದ ರಾಜ್ಯದ ಉದ್ಯೋಗ ಖಾತ್ರಿ ಯೋಜನೆ 1977ರಲ್ಲಿ ಕಾನೂನಾಯಿತು. 2005ರ ರಾಷ್ಟ್ರೀಯ ಉದ್ಯೋಗ ಖಾತ್ರಿ ಕಾನೂನಿಗೆ ಮೇಲ್ಪಂಕ್ತಿ ಅದೇ.

2004ರ ಜನವರಿಯಲ್ಲಿ ಗೋರೆಗಾಂವ್‌ನ ನೆಸ್ಕೋ ಮೈದಾನದಲ್ಲಿ ವಿಶ್ವ ಸಾಮಾಜಿಕ ವೇದಿಕೆಯ ಸಮಾವೇಶ ನಡೆಯಿತು. ಅಲ್ಲಿ ಸೇರಿದ್ದ ಸಂಘಟನೆಗಳ ಒಮ್ಮತದಿಂದ ಹುಟ್ಟಿದ್ದು 'ವಾದಾ ನ ತೋಡೋ' ಅಭಿಯಾನ, ಸರ್ಕಾರಕ್ಕೆ 'ಕೊಟ್ಟ ಮಾತು ಮುರಿಯಬೇಡಿ' ಎಂದು. ಎರಡು ವರ್ಷದ ಮೇಲೆ ಮಕ್ಕಳು 'ನೈನ್ ಈಸ್ ಮೈನ್' ಎಂದು ಇನ್ನೊಂದನ್ನು ಹೊರಡಿಸಿದರು: ದೇಶದ ಒಟ್ಟು ಉತ್ಪನ್ನದಲ್ಲಿ ಶೇ. 6 ಶಿಕ್ಷಣಕ್ಕೆ, ಶೇ. 3 ಆರೋಗ್ಯಕ್ಕೆ, ಒಟ್ಟು 9. ಬೇಡಿಕೆ ಎಂದರೆ ಹೀಗಿರಬೇಕು. ಬಜೆಟ್ ಪುಸ್ತಕ ತೆರೆದರೆ ಈಡೇರಿದೆಯೋ ಇಲ್ಲವೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

2018ರ ಮಾರ್ಚ್ ನಿಮಗೆಲ್ಲ ನೆನಪಿರಬಹುದು. 6ರಂದು ನಾಸಿಕ್‌ನಿಂದ ಹೊರಟ ರೈತರು, ಅವರಲ್ಲಿ ಹೆಚ್ಚಿನವರು ಆದಿವಾಸಿಗಳು, ಸುಮಾರು 180 ಕಿಲೋಮೀಟರ್ ನಡೆದು 11ರಂದು ಸಾಯನ್‌ನ ಸೋಮಯ್ಯ ಮೈದಾನ ಸೇರಿದರು. ಮರುದಿನ ಹತ್ತನೆಯ ತರಗತಿಯ ಪರೀಕ್ಷೆ. ಮಕ್ಕಳಿಗೆ ತೊಂದರೆಯಾಗದಿರಲಿ ಎಂದು ಆ ರಾತ್ರಿಯೇ ಮತ್ತೆ ಎದ್ದು ನಡೆದು, ಬೆಳಗಾಗುವ ಮೊದಲು ಆಜಾದ್ ಮೈದಾನ ಮುಟ್ಟಿದರು. ಚಪ್ಪಲಿ ಸವೆದು ಅಂಗಾಲ ಚರ್ಮ ಸುಲಿದಿತ್ತು. ಮುಂಬಯಿಯ ಜನ ನೀರು, ತಿಂಡಿ, ಚಪ್ಪಲಿ ಹೊತ್ತು ತಂದರು. ಬೇಡಿಕೆಯ ಮುಖ್ಯ ಭಾಗ 2006ರ ಅರಣ್ಯ ಹಕ್ಕು ಕಾನೂನಿನ ಪ್ರಕಾರ ಉಳುವ ಜಮೀನಿನ ಪಟ್ಟಾ. ಸರ್ಕಾರ ಲಿಖಿತ ಭರವಸೆ ಕೊಟ್ಟಿತು. ಆದರೂ 2019ರಲ್ಲಿ ಮತ್ತೆ ಹೊರಡಬೇಕಾಯಿತು, 2023ರಲ್ಲಿ ಇನ್ನೊಮ್ಮೆ. ಮೂರನೆಯ ಸಲ ಅವರು ಠಾಣೆ ಜಿಲ್ಲೆಯ ವಾಸಿಂದ್‌ನಲ್ಲಿ ಬೀಡುಬಿಟ್ಟು, ಮುಖ್ಯಮಂತ್ರಿ ಸದನದಲ್ಲಿ ಹೇಳಿದ ಮೇಲೂ, ಆದೇಶ ಕೆಳಗಿನ ಅಧಿಕಾರಿಗಳಿಗೆ ತಲುಪಲಿ ಎಂದು ಕಾದರು. ಮೊದಲ ಮೋರ್ಚಾದಲ್ಲಿ ಏನು ಬಾಕಿಯಾಗಿತ್ತೆಂದು ಕೇಳಿದರೆ ಉತ್ತರ ಇದೇ. ಮಂತ್ರಾಲಯದ, ಅಂದರೆ ರಾಜ್ಯ ಸಚಿವಾಲಯದ, ಮಾತು ತಹಶೀಲ್ದಾರ್ ಕಚೇರಿಗೆ ಇಳಿದಿರಲಿಲ್ಲ.

ಈಗ ನಮ್ಮವರ ವಿಚಾರ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕಟ್ಟಡ ಕೂಲಿಗಳು ಈ ನಗರಗಳ ನಾಕಾಗಳಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕೆಲಸಕ್ಕೆ ಕಾದು ನಿಲ್ಲುತ್ತಾರೆ. ಅಕ್ಟೋಬರ್ 17 ವಾರದ ಮಧ್ಯೆ ಬಂದು, ಸಭಾಗೃಹದಲ್ಲಿ ಹನ್ನೊಂದಕ್ಕೆ ಸಭೆ ಇಟ್ಟರೆ ಅವರು ಬರುವುದಿಲ್ಲ. ಬಂದರೆ ದಿನದ ಕೂಲಿ ಹೋಯಿತು. ಸಭೆಯನ್ನೇ ನಾಕಾಕ್ಕೆ ಒಯ್ಯಬೇಕು, ಇಲ್ಲವೇ ಭಾನುವಾರ ಸಂಜೆ ಬಸ್ತಿಯಲ್ಲೇ ಇಡಬೇಕು.

ಬೇಡಿಕೆ ಒಂದೇ ಇರಲಿ. ಉದಾಹರಣೆಗೆ ರೇಷನ್. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಕರ್ನಾಟಕದ ಕಾರ್ಡಿಗೆ ಇಲ್ಲಿಯೂ ಧಾನ್ಯ ಸಿಗಬೇಕು. 2013ರ ಆಹಾರ ಭದ್ರತಾ ಕಾನೂನಿನ ಪ್ರಕಾರ ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೋ. ಕರ್ನಾಟಕ ಸರ್ಕಾರ ತಾನಾಗಿ ಸೇರಿಸಿ ಕೊಡುವ ಪಾಲು ಇಲ್ಲಿಗೆ ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅಂಗಡಿಯಲ್ಲಿ ಜಗಳವಾಗುತ್ತದೆ. ತೊಡಕು ಹುಟ್ಟುವುದು ಮೂರು ಕಡೆ. ಆಧಾರ್ ಕಾರ್ಡಿಗೆ ಜೋಡಣೆಯಾಗಿಲ್ಲದ ಹೆಸರುಗಳು. ಹೊರಗಿನ ಕಾರ್ಡಿಗೆ ದಾಸ್ತಾನಿಲ್ಲ ಎನ್ನುವ ಅಂಗಡಿ. ಮೂರನೆಯದು ಬೆರಳು. ವರ್ಷಗಟ್ಟಲೆ ಸಿಮೆಂಟು ಕಲಸಿದ ಕೈಯಲ್ಲಿ ಬೆರಳಿನ ಗೆರೆಗಳೇ ಸವೆದುಹೋಗಿ ಯಂತ್ರ ಗುರುತು ಹಿಡಿಯುವುದಿಲ್ಲ. 'ಹಸಿವು ಅಳಿಯಲಿ' ಎಂದು ಬರೆಯುವ ಬದಲು 'ಇಂಥ ಅಂಗಡಿಯಲ್ಲಿ ಬೆರಳು ಹಿಡಿಯದ ಕಾರಣಕ್ಕೆ ಇಷ್ಟು ಜನ ಬರಿಗೈಯಲ್ಲಿ ಮರಳಿದ್ದಾರೆ, ಬೇರೆ ವಿಧಾನದಿಂದ ಗುರುತು ಖಾತ್ರಿ ಮಾಡಿಕೊಂಡು ಇಷ್ಟು ದಿನದೊಳಗೆ ಧಾನ್ಯ ಕೊಡಿ' ಎಂದು ಬರೆದು ರೇಷನಿಂಗ್ ಅಧಿಕಾರಿಯ ಹೆಸರಿಗೆ ಕೊಡಿ. ಜೊತೆಗೆ ಕಾರ್ಡ್ ನಂಬರು, ಅಂಗಡಿ ನಂಬರು, ಹೋದ ತಾರೀಖು ಇರುವ ಪಟ್ಟಿ ಇರಲಿ. ಇಪ್ಪತ್ತು ಹೆಸರಿನ ಇಂಥ ಪಟ್ಟಿಯನ್ನು ಪಕ್ಕಕ್ಕೆ ಸರಿಸುವುದು ಅಧಿಕಾರಿಗೆ ಕಷ್ಟ. ಎರಡು ಸಾವಿರ ಸಹಿಯ ಪ್ರತಿಜ್ಞೆಯನ್ನು ಸರಿಸುವುದು ಸುಲಭ.

ಮಹಾರಾಷ್ಟ್ರದಲ್ಲಿ ಮನವಿ ಮರಾಠಿಯಲ್ಲಿರಲಿ, ಕಚೇರಿಯ ವ್ಯವಹಾರ ಮರಾಠಿಯದು. ಆದರೆ ಸಹಿಗೆ, ಹೆಬ್ಬೆಟ್ಟಿಗೆ ಮುಂಚೆ ಅದನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳಬೇಕು. ಓದುವಾಗ ಯಾರಾದರೂ 'ಹಂಗಲ್ರೀ, ಅದು ಹಿಂಗ' ಎಂದು ತಿದ್ದುತ್ತಾರೆ. ಆ ತಿದ್ದುಪಡಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಮೋರ್ಚಾ ಎಂದಾದರೆ ಪೊಲೀಸ್ ಠಾಣೆಗೆ ಎಂಟು ಹತ್ತು ದಿನ ಮುಂಚೆಯೇ ಪತ್ರ ಕೊಡಿ. ಹೊಣೆ ಹೊತ್ತವರ ಹೆಸರು, ಅಂದಾಜು ಜನ, ಹೊತ್ತು, ವಾಹನ, ಧ್ವನಿವರ್ಧಕ ಎಲ್ಲ ಅದರಲ್ಲಿರಲಿ. ಮುಂಬಯಿಯಲ್ಲಿ ದೊಡ್ಡ ಧರಣಿಗಳಿಗೆ ಜಾಗ ಆಜಾದ್ ಮೈದಾನ. 2025ರ ಆಗಸ್ಟಿನಲ್ಲಿ ಮರಾಠಾ ಮೀಸಲಾತಿ ಧರಣಿಗೆ ಕೊಟ್ಟ ಪರವಾನಗಿಯಲ್ಲಿ 5,000 ಜನರ ಮಿತಿ, ಬೆಳಿಗ್ಗೆ 9ರಿಂದ ಸಂಜೆ 6ರ ಹೊತ್ತು, ಎರಡೂ ಇದ್ದವು. ಅಕ್ಟೋಬರ್ ಬಿಸಿಲಿಗೆ ತಲೆಗೆ ಎರಡು ಲೀಟರ್ ನೀರು ಹಿಡಿಯಿರಿ. 500 ಜನರಿಗೆ 20 ಲೀಟರಿನ 50 ಕ್ಯಾನು. ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂದು ಹಿಂದಿನ ದಿನವೇ ನೋಡಿ ಬನ್ನಿ. ಇದನ್ನು ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹೆಂಗಸರೆಲ್ಲ ಮನೆಗೆ ಹೊರಟಿರುತ್ತಾರೆ, ವೇದಿಕೆಯ ಮೇಲಿನ ಗಂಡಸರಿಗೆ ಕಾರಣವೇ ಹೊಳೆಯುವುದಿಲ್ಲ.

ಜನರ ಲೆಕ್ಕಕ್ಕೆ ಅಮೆರಿಕದ ಬರ್ಕ್ಲಿಯ ಪತ್ರಿಕೋದ್ಯಮ ಅಧ್ಯಾಪಕ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ಕಂಡುಕೊಂಡ ಸರಳ ದಾರಿ ಈಗಲೂ ಸಾಕು. ವಿರಳವಾಗಿ ನಿಂತರೆ ಒಬ್ಬರಿಗೆ 10 ಚದರಡಿ, ಒತ್ತಾಗಿ ನಿಂತರೆ ನಾಲ್ಕೂವರೆ; ಜನ ನಿಂತ ಜಾಗವನ್ನು ಅದರಿಂದ ಭಾಗಿಸಿದರೆ ಆಯಿತು. ಚದರಡಿಯ ಲೆಕ್ಕ ಮುಂಬಯಿಯವರಿಗೆ ಹೇಳಿಕೊಡಬೇಕಿಲ್ಲ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಕಡಿಮೆ ಬಂದ ಅಂಕಿಯನ್ನೇ ಪತ್ರಿಕೆಗಳಿಗೆ ಕೊಡಿ. ಹಿಗ್ಗಿಸಿದ ಅಂಕಿ ಒಮ್ಮೆ ಸಿಕ್ಕಿಬಿದ್ದರೆ ಬೇಡಿಕೆಯ ಪಟ್ಟಿಯನ್ನೂ ಯಾರೂ ನಂಬುವುದಿಲ್ಲ.

ಮನವಿ ಕೊಟ್ಟು ಸಾಹೇಬರ ಜೊತೆ ಫೋಟೋ ತೆಗೆಸಿಕೊಂಡು ಬರುವುದು ರೂಢಿ. ಫೋಟೋ ಇಲ್ಲದಿದ್ದರೂ ನಡೆಯುತ್ತದೆ. ಬಂದ ಪತ್ರಗಳನ್ನು ದಾಖಲಿಸುವ ಆವಕ ವಿಭಾಗಕ್ಕೆ ಹೋಗಿ ನಿಮ್ಮ ಪ್ರತಿಯ ಮೇಲೆ ಠಸ್ಸೆ, ತಾರೀಖು, ಆವಕ ನಂಬರು ಹಾಕಿಸಿಕೊಳ್ಳಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಆದ್ದರಿಂದ ದೂರು ತೋಡಿಕೊಳ್ಳಬೇಡಿ. 'ಇಂಥ ಆವಕ ನಂಬರಿನ ಮನವಿಯ ಮೇಲೆ ಯಾವ ದಿನ ಯಾವ ಅಧಿಕಾರಿ ಏನು ಕ್ರಮ ಕೈಗೊಂಡರು, ಕಡತದ ಟಿಪ್ಪಣಿಯ ಪ್ರತಿ ಕೊಡಿ' ಎಂದಷ್ಟೇ ಬರೆಯಿರಿ. ಉತ್ತರಕ್ಕೆ 30 ದಿನ. ಬರದಿದ್ದರೆ, ಅಥವಾ ಬಂದದ್ದು ಹಾರಿಕೆಯದಾಗಿದ್ದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಕ್ಟೋಬರ್ 17ರಂದು ಮನವಿ ಕೊಟ್ಟವರಿಗೆ ಈ ಮೇಲ್ಮನವಿಯ ಸರದಿ ಡಿಸೆಂಬರ್ ಕೊನೆಗೆ ಬರುತ್ತದೆ. ಆ ತಾರೀಖನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಯಾರು ಹೋಗುತ್ತಾರೆ ಎಂದು ಹೆಸರೂ ಬರೆದಿಡಿ.

ನಮಸ್ಕಾರ.